ಎತ್ತಿನ ಹಿಂಗಾಲು ಬೇಕಾಗಿದೆ

ಕೇಳ್ರಪ್ಪಾ, ನಮ್ಮ ನಾಟಕದ ಎತ್ತು ಇವತ್ತು ಎರಡು ಹೋಳಾಯ್ತು!

ನಮ್ಮೂರು ಬುಕ್ಕಾಂಬುಧಿಯಲ್ಲಿ ಪ್ರಾಕ್ಟೀಸ್ ನಡೀತಿತ್ತು. ಎತ್ತಿನ ವೇಷದೊಳಗೆ ಮುಂಗಾಲಾಗಿ ಶಿವಣ್ಣ, ಅವನ ಬೆನ್ನಿಗೆ ಬಗ್ಗಿ ಹಿಂಗಾಲಾಗಿ ಅವನ ಭಾವ ರಂಗಪ್ಪ. ನೇಗಿಲು ಹಿಡಿದ ರೈತ ನಾನು. ಶಿವಣ್ಣ ಸಡನ್ನಾಗಿ ಎಡಕ್ಕೆ ತಿರುಗಿದ, ರಂಗಪ್ಪ ನೆಟ್ಟಗೆ ನಡೆದ. ಹೊಲಿಗೆ ಪರ್ರಂತ ಹರೀತು.

"ತಿರುಗ್ತೀನಿ ಅಂತ ಒಂದ್ಮಾತು ಹೇಳೋಕೆ ಏನ್ಲಾ ನಿಂಗೆ? ಒಳಗೆ ನಂಗೇನು ಕಾಣ್ತೈತಾ?" ರಂಗಪ್ಪ ಕೂಗಾಡಿದ.

ಶಿವಣ್ಣ ಕೊಂಬನ್ನೂ ತೆಗೀಲಿಲ್ಲ. "ಎತ್ತು ಎಲ್ಲಾದ್ರೂ ಮಾತಾಡ್ತೈತೇನ್ ಭಾವ?"

"ಹಂಗಾದ್ರೆ ಮುಂಗಾಲು ನಂಗೆ ಕೊಡು, ನೀನು ಹಿಂದೆ ಬಾ."

"ಆಗಲ್ಲ ಕಣ್ ಭಾವ."

ಇಬ್ಬರೂ ಬಗ್ಗಲಿಲ್ಲ. ಹಾಗಾಗಿ ನಮ್ಮ ಒಂಟೆತ್ತು ಈಗ ಜೋಡೆತ್ತು. ಒಂದಕ್ಕೆ ಶಿವಣ್ಣ, ಇನ್ನೊಂದಕ್ಕೆ ರಂಗಪ್ಪ, ಮುಂಗಾಲುಗಳು ಭರ್ತಿಯಾಗಿವೆ. ಎರಡಕ್ಕೂ ಹಿಂಗಾಲು ಬೇಕು, ಬಗ್ಗೋದು ಗೊತ್ತಿರೋರು ಊರಲ್ಲಿ ಯಾರಾದ್ರೂ ಉಳಿದಿದ್ರೆ ಬನ್ರಪ್ಪಾ!