ಗಡಿಗೆಯೊಳಗಿನ ರಬ್ಬರ್

೧೯೫೮ರಲ್ಲಿ ನಾನು ಶಾಲೆ ಬಿಟ್ಟೆ, ಏಳನೆಯ ತರಗತಿಯ ನಡುವೆಯೇ. ಬಿಡಿಸಿದವರು ಯಾರೂ ಇಲ್ಲ; ಶಹಾಬಾದದ ಪರ್ಸಿ ಹಾಸುಗಲ್ಲಿನ ಖಣಿಯಲ್ಲಿ ಬಂಡೆ ಕೊರೆಯುವ ಗಾಳಿಯಂತ್ರದ ಸದ್ದು ಕೇಳಿ ನಾನೇ ಎದ್ದು ಹೋದವನು. ಈಗೇಕೆ ಆ ಮಾತೆಂದರೆ, ಇವತ್ತು ಖಂಡೇ ಪೂಜೆ, ನಿಮ್ಮ ಆಯುಧಪೂಜೆ. ಓಣಿಯವರೆಲ್ಲ ಸೈಕಲ್ಲು, ಕುಡಗೋಲು, ಹೊಲಿಗೆಯಂತ್ರಗಳನ್ನು ಹೊರಗಿಟ್ಟು ಚಿಮಣಿ ಎಣ್ಣೆಯಲ್ಲಿ, ಅಂದರೆ ಸೀಮೆಎಣ್ಣೆಯಲ್ಲಿ, ಒರೆಸುತ್ತಿದ್ದಾರೆ. ಆ ವಾಸನೆ ನಿಮಗೆ ಹಬ್ಬದ್ದಿರಬಹುದು. ನನಗೆ ದವಾಖಾನೆಯದು.

ಅಣ್ಣನೂ ನಾನೂ ಬೋರ್ ಹಾಕುವ ಗಾಡಿಯ ಮೇಲೆ ಜೊತೆಯಾಗಿ ದುಡಿದವರು. ಸೇಡಂ, ಕಾಳಗಿ, ಚಿಂಚೋಳಿ ಎಂದು ತಿರುಗಿದೆವು. ಅವನು ಕೊರೆಯುವವ, ನಾನು ಫಿಟ್ಟರ್. ಬಂಡೆ ಒಡೆಯುವ ಗಾಳಿ ದಪ್ಪ ರಬ್ಬರ್ ಪೈಪಿನಲ್ಲಿ ನುಗ್ಗಿ ಬರುತ್ತದೆ. ಎರಡು ಪೈಪುಗಳು ಕೂಡುವಲ್ಲಿ ಕಬ್ಬಿಣದ ಕೊಂಡಿ, ಅದರೊಳಗೆ ಬಳೆಯಷ್ಟು ಅಗಲದ ರಬ್ಬರ್ ವಾಷರ್. ಅದು ಕೆಟ್ಟರೆ ಕೊಂಡಿ ಕಳಚುತ್ತದೆ, ಪೈಪು ಹಾವಿನಂತೆ ಹೊರಳಿ ಹೊಡೆಯುತ್ತದೆ. ಬೇರೆ ಗಾಡಿಯವರು ವಾಷರುಗಳನ್ನು ಬಿಸಿಲಲ್ಲೇ ಮೊಳೆಗೆ ನೇತುಹಾಕುತ್ತಿದ್ದರು. ನಾನು ಪೌಡರ್ ಸವರಿ ಮಣ್ಣಿನ ಗಡಿಗೆಯಲ್ಲಿಟ್ಟು ಬಾಯಿ ಮುಚ್ಚುತ್ತಿದ್ದೆ. ಅಣ್ಣನ ಹೆಂಡತಿ, ನಮ್ಮ ವೈನಿ, ನಗುತ್ತಿದ್ದರು: “ಹೆಣ್ತಿಗಿ ಒಂದಿನಾ ಪೌಡರ್ ತಂದವನಲ್ಲ, ರಬ್ಬರಿಗಿ ಹಚ್ಚಲಿಕತ್ತಾನ ನೋಡ್ರಿ. ನಾಳಿ ಕುಂಕುಮಾನೂ ಇಡ್ತಾನ.”

“ಅಣ್ಣಾ, ಇವ್ಕ ಎಣ್ಣಿ ಮುಟ್ಟಿಸಬ್ಯಾಡ, ಉಬ್ಬತಾವ” ಎಂದು ಹೇಳಿದ್ದೆ. “ನೀ ಭಾಳ ಶಾಣ್ಯಾ ಆಗಿದಿ ಬಿಡು” ಅಂದಿದ್ದ.

ಎಪ್ಪತ್ತೈದರ ಸುಮಾರಿಗೆ ಗಾಡಿ ಕುರಕುಂಟಾದಲ್ಲಿ ನಿಂತಿತ್ತು. ಖಂಡೇ ಪೂಜೆಯ ದಿನವೇ ಪಾರ್ಸಲ್ ತರಲು ನಾನು ವಾಡಿಗೆ ಹೋಗಬೇಕಾಯಿತು. ಅಣ್ಣ ಮನಸ್ಸಿಟ್ಟು ಪೂಜೆ ಮಾಡುವವ. ನಟ್ಟು ಬಿಗಿಯುವ ಪಾನೆ, ಸುತ್ತಿಗೆ ತೊಳೆದ ಮೇಲೆ ನನ್ನ ಗಡಿಗೆಯನ್ನೂ ಬರಿದು ಮಾಡಿದ. ವಾಷರುಗಳನ್ನು ಚಿಮಣಿ ಎಣ್ಣೆಯಲ್ಲಿ ನೆನೆಸಿ, ಮಿರಮಿರ ಹೊಳೆಯುವಂತೆ ಒರೆಸಿ, ವಿಭೂತಿ ಹಚ್ಚಿ ಸಾಲಾಗಿ ಇಟ್ಟ. ಮರುದಿನ ನಾನು ಬಸ್ಸಿನಲ್ಲಿದ್ದಾಗಲೇ ಕೆಲಸ ಶುರುವಾಯಿತು. ಉಬ್ಬಿದ ವಾಷರಿನ ಮೇಲೆ ಕೊಂಡಿ ಪೂರ್ತಿ ಕೂಡಲಿಲ್ಲ. ಅಣ್ಣ ಸುತ್ತಿಗೆಯಿಂದ ಬಡಿದು ಕೂಡಿಸಿದ. ಗಾಳಿ ಬಿಟ್ಟರು. ಕಳಚಿದ ಪೈಪು ಅವನ ಬಲಗಣ್ಣಿಗೆ ಬಡಿಯಿತು.

ದವಾಖಾನೆಯಲ್ಲಿ ಹೇಳಿದೆ, “ರಬ್ಬರ್ ಉಬ್ಬಿತ್ತು ಅಣ್ಣಾ.”

“ಪೂಜಿ ದಿನ ಗಾಡಿ ಬಿಟ್ಟು ಹೋದಿ. ನೀ ನಿಂತು ಕೈ ಮುಗಿದಿದ್ರ ನನ್ನ ಕಣ್ಣು ಉಳೀತಿತ್ತು.”

ಅವನು ನನ್ನೊಡನೆ ಆಡಿದ ಕೊನೆಯ ಮಾತು ಅದು. ಎಣ್ಣೆಯಲ್ಲಿ ನೆನೆಸಿದ ಒಂದು ವಾಷರನ್ನೂ ಒಣ ವಾಷರನ್ನೂ ವೈನಿಯ ಕೈಯಲ್ಲಿ ಕಳಿಸಿದ್ದೆ, ನನ್ನ ಮಾತು ನಂಬದಿದ್ದರೆ ಕೈಯಿಂದಾದರೂ ಮುಟ್ಟಿ ನೋಡಲಿ ಎಂದು. ಎರಡನ್ನೂ ತಿಪ್ಪೆಗೆ ಒಗೆದನಂತೆ. ನಂಬಿಸದೆ ಬಿಡಬಾರದೆಂದು ವರ್ಷಗಟ್ಟಲೆ ಹಲ್ಲು ಕಚ್ಚಿಕೊಂಡಿದ್ದೆ.

ಈಗಷ್ಟೇ ಪಕ್ಕದ ಮನೆಯಿಂದ ವೈನಿ ಕಾಯಿಯ ಹೋಳು, ವಿಭೂತಿ ತಂದರು. “ಈ ಸಲನಾದ್ರೂ ಕೈ ಮುಗಿತಾನೇನು, ಕೇಳಿ ಬಾ ಅಂದಾರ ನಿಮ್ಮಣ್ಣ, ತಮ್ಮಾ.”

ಬಾಯಿಗೆ ಬಂದ ಹಳೆಯ ಉತ್ತರವನ್ನು ನುಂಗಿದೆ. ದೇವರ ಸಿಟ್ಟಲ್ಲ ಎಂದಾದರೆ ಆ ಕಣ್ಣು ಹೋದದ್ದು ಅವನ ಕೈಯಿಂದಲೇ. ಅದನ್ನು ಅವನಿಂದ ಒಪ್ಪಿಸಿ ನಾನು ಪಡೆಯುವುದೇನು?

“ತಪ್ಪು ನಂದೇ ಅಂತ ಹೇಳ್ರಿ ವೈನಿ.”

ಸುಳ್ಳು ಬಾಯಲ್ಲಿ ಬೇವಿನಂತೆ ಉಳಿಯಿತು. ವಿಭೂತಿಯನ್ನು ಗಡಿಗೆಯ ಹೊರಮೈಗೆ ಹಚ್ಚಿದೆ, ಅದರ ಬಾಯಿ ಬಿಚ್ಚಲಿಲ್ಲ. ಪರ್ಸಿ ಗೋಡೆಯ ಆಚೆ ಅಣ್ಣ ಕೆಮ್ಮಿದ. ವೈನಿ ಹೇಳಿದ ಮೇಲೆ ಒಂದು ಮಾತು ಬಂದೀತೆಂದು ಕಾದೆ. ಬರೀ ಕೆಮ್ಮು.

ಈಗ ನನ್ನಲ್ಲಿರುವುದು: ಪತ್ರಾಸ್ ತಗಡಿನ ಅಂಗಡಿ ಒಂದು, ಪಾನೆಯ ಸೆಟ್ಟು ಎರಡು, ರಬ್ಬರಿನ ಗಡಿಗೆ ಒಂದು, ಗೋಡೆಯಾಚೆ ಅಣ್ಣ ಒಬ್ಬ.