ಸಿಹಿ ಸಾಲಿನ ಒಂದು ಗಿಡ

ಬೆಳಗಿನ ಆರು ಗಂಟೆ. ಬೀಜದ ತೋಟದಲ್ಲಿ ನಾಲಗೆಯಮ್ಮ ಚಾಕು ಒರೆಸಿಕೊಳ್ಳುತ್ತಿದ್ದಾರೆ. ಬಾಯಿಗೆ ಇನ್ನೂ ಕಾಫಿ ಬಿದ್ದಿಲ್ಲ. ಬಿದ್ದರೆ ರುಚಿ ಕೆಡುತ್ತದಂತೆ. ಎಡಕ್ಕೆ ಸಿಹಿ ಮೆಣಸಿನಕಾಯಿಯ ಸಾಲುಗಳು, ಬಲಕ್ಕೆ ಖಾರದವು. ಉದ್ದ, ಬಣ್ಣ ಎಲ್ಲ ಒಂದೇ. ಎರಡನ್ನೂ ಬೇರ್ಪಡಿಸುವುದು ಅರವತ್ತರ ಈ ಹೆಂಗಸಿನ ನಾಲಗೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ, ಅಡ್ಡಹೆಸರು ಬಂದದ್ದೂ ಇದರಿಂದಲೇ.

"ಮೊದ್ಲು ಸಿಹಿದು, ಆಮೇಲೆ ಖಾರದ್ದು. ಹಿಂದುಮುಂದಾದ್ರೆ ಆವತ್ತಿನ ಕೆಲ್ಸ ಹಾಳು," ಎಂದು ಅವರ ಕೆಲಸ ನೋಡಿ ಬರೆಯಲು ಬಂದ ನನಗೆ ಹೇಳುತ್ತಾರೆ. ಒಂದು ಚೂರು ಅಗಿದು, ಉಗಿದು, ಸೌತೆಕಾಯಿ ಕಚ್ಚಿ ಮುಂದಿನ ಗಿಡಕ್ಕೆ. ದಿನಕ್ಕೆ ನೂರು ಗಿಡ. ಸಂಜೆ ಮನೆಯಲ್ಲಿ ಸೊಸೆ ಇವರನ್ನು ಒಲೆಯ ಹತ್ತಿರ ಬಿಡುವುದಿಲ್ಲ. "ಅತ್ತೆ ಕೈಗೆ ಖಾರದ ಡಬ್ಬಿ ಸಿಕ್ರೆ ನಮ್ ಕಥೆ ಮುಗೀತು," ಎಂಬುದು ಅವಳ ವಾದ.

ಇವತ್ತು ಮುನ್ನೂರು ಸಿಹಿ ಗಿಡಗಳಲ್ಲಿ ಕೊನೆಯ ನೂರರ ಸರದಿ. ಹೋದ ವರ್ಷ ಜೇನುಹುಳು ಖಾರದ ಸಾಲಿನ ಪರಾಗ ಇತ್ತ ತಂದಿದ್ದರೆ, ಅದು ಈ ವರ್ಷದ ಗಿಡದಲ್ಲಿ ಬಯಲಾಗುತ್ತದೆ. ಒಂದು ಗಿಡ ಖಾರವಾದರೂ ಅದರ ಪರಾಗ ಆಗಲೇ ಪಕ್ಕದವಕ್ಕೆ ಹರಡಿರುತ್ತದೆ, ಈ ಮುನ್ನೂರರ ಬೀಜವೆಲ್ಲ ಪೊಟ್ಟಣ ಸೇರುವಂತಿಲ್ಲ. ತೋಟದ ಮೇಲ್ವಿಚಾರಕರು ಈ ತಳಿಗೆ ಆರು ವರ್ಷ ಸವೆಸಿದ್ದಾರೆ.

ಇನ್ನೂರ ಅರವತ್ತನಾಲ್ಕನೆಯ ಗಿಡದ ಹತ್ತಿರ ನಾಲಗೆಯಮ್ಮ ನಿಲ್ಲುತ್ತಾರೆ. "ಸಾರ್, ಇದು ಖಾರ."

ಮೇಲ್ವಿಚಾರಕರು ಓಡಿ ಬಂದು ಕಾಯಿಯ ತುದಿ ಕಚ್ಚುತ್ತಾರೆ. "ಸಕ್ಕರೆ ಇದ್ದಂಗಿದೆಯಲ್ಲಮ್ಮ!"

"ತುದಿ ಹಂಗೇ ಮೋಸ ಮಾಡೋದು. ತೊಟ್ಟಿನ ಹತ್ರ ಕಚ್ಚಿ, ಬೀಜ ಅಂಟಿರೋ ಬಿಳಿ ಭಾಗ."

ಕಚ್ಚುತ್ತಾರೆ. ಕಣ್ಣಲ್ಲಿ ನೀರು ಬರುತ್ತದೆ. ಖಾರಕ್ಕೋ ಆರು ವರ್ಷಕ್ಕೋ ಹೇಳುವುದು ಕಷ್ಟ. ಸೌತೆಕಾಯಿ ಮುಗಿಸಿ ಮೆಲ್ಲಗೆ ಕೇಳುತ್ತಾರೆ: "ಒಂದೇ ಗಿಡ ತಾನೇ? ಕಿತ್ತು ಹಾಕೋಣ. ಯಾರಿಗೆ ಗೊತ್ತಾಗುತ್ತೆ?"

"ಕಚ್ಚಿದ ಮಗೂಗೆ ಗೊತ್ತಾಗುತ್ತೆ, ಸಾರ್."

ಆ ಮಗು ನಾಲಗೆಯಮ್ಮನ ಮೊಮ್ಮಗಳೇ. ಮೂರು ವರ್ಷದ ಹಿಂದೆ, ಅವಸರದಲ್ಲಿ, ನಾಲಗೆಯಮ್ಮನೂ ಬರೀ ತುದಿ ನೋಡಿ ಒಂದು ತಳಿಯನ್ನು ಪಾಸು ಮಾಡಿದ್ದರು. ಅದೇ ಬೀಜವನ್ನು ಮನೆಯ ಕುಂಡದಲ್ಲಿ ಬೆಳೆದು, ಮೊದಲ ಕಾಯಿಯನ್ನು ಹೆಮ್ಮೆಯಿಂದ ಮೊಮ್ಮಗಳ ಕೈಗೆ ಕೊಟ್ಟರು. ಹುಡುಗಿ ಒಂದು ಗಂಟೆ ಅತ್ತಳು. ಇದನ್ನು ಹೇಳುವಾಗ ಅವರು ನನ್ನ ಮುಖ ನೋಡುವುದಿಲ್ಲ.

ಮೇಲ್ವಿಚಾರಕರು ತಳಿಯ ಹೆಸರಿದ್ದ ಸಾಲಿನ ಫಲಕವನ್ನು ತಾವೇ ಕಿತ್ತುಕೊಂಡು ಹೋಗುತ್ತಾರೆ. ನಾಲಗೆಯಮ್ಮ ಇನ್ನೂರ ಅರವತ್ತೈದನೆಯ ಗಿಡಕ್ಕೆ ಬಾಗುತ್ತಾರೆ. ತಳಿಯೇ ಹೋಯಿತಲ್ಲ, ಇನ್ನೇಕೆ ಎಂದರೆ, "ಮುನ್ನೂರು ಅಂತ ಒಪ್ಕೊಂಡಿದೀನಿ," ಎನ್ನುತ್ತಾರೆ.

ಅವರಿಗೇನಾದರೂ ಆಸೆ ಇದೆಯೇ?

"ಮೊಮ್ಮಗಳು ಈಗ್ಲೂ ನಾನು ಏನ್ ಕೊಟ್ರೂ 'ಅಜ್ಜಿ, ಮೊದ್ಲು ನೀನ್ ತಿನ್ನು' ಅಂತಾಳೆ. ಒಂದಿನ ನನ್ ಕೈಯಿಂದ ತಗೊಂಡು, ಸುಮ್ನೆ ಕಚ್ಚಿಬಿಡ್ಬೇಕು."