ಫಾರಿನ್ ಕ್ರೀಮಿಗೆ ವಿಭೂತಿ

ಅತ್ತಿಗೆ, ನಿಮ್ಮ ತಮ್ಮ ಪರಮೇಶಣ್ಣ ಬೊಂಬಾಯಿಯಿಂದ ತಂದುಕೊಟ್ಟ ಫಾರಿನ್ ಕ್ರೀಮು ಡೂಪ್ಲಿಕೇಟ್ ಆಗಿರಲಿಲ್ಲ. ಅಪ್ಪಟ ಅಸಲಿ ಮಾಲು. ಅದನ್ನು ಕದ್ದು ಹಚ್ಚಿ ಖಾಲಿ ಮಾಡಿದವಳು ನಾನು. ಖಾಲಿಯಾದ ಡಬ್ಬಿಗೆ ಅಜ್ಜಂಪುರದ ಅಗ್ಗದ ಸ್ನೋ ತುಂಬಿ, ಅದೂ ಸಾಲದು ಅಂತ ಅಪ್ಪನ ಪೂಜೆಯ ವಿಭೂತಿ ಬೆರೆಸಿದವಳೂ ನಾನೇ. ತರೀಕೆರೆಯಲ್ಲಿ ಅಷ್ಟು ಜನರ ಮುಂದೆ ನಿಮ್ಮ ಮುಖ ಹಾಗಾದದ್ದಕ್ಕೆ ಬೊಂಬಾಯಿಯೂ ಕಾರಣವಲ್ಲ, ಪರಮೇಶಣ್ಣನೂ ಅಲ್ಲ. ನಿಮ್ಮ ನಾದಿನಿ ಮಂಗಳ ಕಾರಣ.

ಇಷ್ಟು ಬರೆದು ಪೆನ್ನು ಕೆಳಗಿಟ್ಟು, ಎದ್ದು ಹೋಗಿ ಕಾಫಿ ಕುಡಿದು ಬಂದೆ. ಧೈರ್ಯ ಬರಲಿ ಅಂತ. ಬಂದಿಲ್ಲ — ಆದರೂ ಬರೆಯುತ್ತೇನೆ.

ಎಪ್ಪತ್ತರ ದಶಕದ ಕೊನೆ ಅದು. ನೀವು ಕಡೂರಿನಿಂದ ನಮ್ಮ ಅಜ್ಜಂಪುರದ ಮನೆಗೆ ಸೊಸೆಯಾಗಿ ಬಂದು ಎರಡು ಮೂರು ವರ್ಷವಾಗಿತ್ತು. ಬರುವಾಗ ನೀವು ಒಂದು ಸಿದ್ಧಾಂತವನ್ನೂ ಜೊತೆಗೆ ತಂದಿದ್ದಿರಿ: ಮುಖಕ್ಕೆ ಹಚ್ಚುವುದು ದುಬಾರಿಯದ್ದೇ ಆಗಿರಬೇಕು, ಇಲ್ಲವಾದರೆ ಏನೂ ಹಚ್ಚಬಾರದು. ಅಗ್ಗದ್ದು ಹಚ್ಚಿದರೆ ಮುಖವೂ ಅಗ್ಗವಾಗಿ ಕಾಣುತ್ತದೆ ಅನ್ನುತ್ತಿದ್ದಿರಿ. ನಮ್ಮವ್ವನದು ಅದಕ್ಕೆ ತದ್ವಿರುದ್ಧ. ಸಂಜೆಗೆ ತೊಳೆದು ಬಚ್ಚಲಿಗೆ ಬಿಡುವ ವಸ್ತುವಿಗೆ ದುಡ್ಡು ಸುರಿಯುವುದು ಹುಚ್ಚು ಅನ್ನುವವಳು ಅವಳು. ಬಸ್‌ಸ್ಟ್ಯಾಂಡಿನ ಫ್ಯಾನ್ಸಿ ಸ್ಟೋರಿನಲ್ಲಿ ಸಿಗುತ್ತಿದ್ದ ಸ್ನೋ ಅವ್ವನ ಪಾಲಿಗೆ ಧಾರಾಳವಾಯಿತು. ಅತ್ತೆ ಸೊಸೆ ಉಪ್ಪು ಖಾರಕ್ಕೆ ಎಂದೂ ಜಗಳವಾಡಿದವರಲ್ಲ. ಸ್ನೋ ಪೌಡರಿನ ವಿಷಯ ಬಂದರೆ ಮಾತ್ರ ಅಡಿಗೆಮನೆ ವಿಧಾನಸೌಧವಾಗುತ್ತಿತ್ತು.

ಆಗ ಬಂತು ಆ ಡಬ್ಬಿ. ಬೊಂಬಾಯಿಯಲ್ಲಿ ಗೋದಾಮಿನ ಕೆಲಸದಲ್ಲಿದ್ದ ಪರಮೇಶಣ್ಣ ರಜೆಗೆ ಬಂದವನು ಕಡೂರಿಗಿಂತ ಮೊದಲು ಅಜ್ಜಂಪುರಕ್ಕೇ ಬಂದು, ಅಕ್ಕನ ಕೈಗೆ ಅದನ್ನು ಕೊಟ್ಟ. ದಪ್ಪ ಗಾಜು, ಬಂಗಾರದ ಬಣ್ಣದ ಮುಚ್ಚಳ, ಒಳಗೆ ಬೆಣ್ಣೆಯಂಥ ಕ್ರೀಮು. ಮುಚ್ಚಳ ತೆಗೆದರೆ ಪಡಸಾಲೆಯವರೆಗೂ ಘಮ. ನೀವು ಒಮ್ಮೆ ಮೂಸಿ ನೋಡಿ, ಮುಚ್ಚಳ ಹಾಕಿ, ಬೀರುವಿನಲ್ಲಿ ಸೀರೆಗಳ ಹಿಂದೆ ಇಟ್ಟಿರಿ. ಪರಮೇಶಿಯ ಮದುವೆ ಗೊತ್ತಾಗುವ ದಿನ ಹಚ್ಚುತ್ತೇನೆ, ಅಲ್ಲಿಯವರೆಗೆ ಮುಟ್ಟುವುದಿಲ್ಲ ಅಂದಿರಿ. ಬೀರುವಿನ ಬೀಗದ ಕೈ ಕ್ಯಾಲೆಂಡರಿನ ಮೊಳೆಗೆ ನೇತು ಹಾಕುತ್ತಿದ್ದಿರಿ. ಅದು ನಿಮ್ಮ ತಪ್ಪು ಅನ್ನುತ್ತಿಲ್ಲ — ಅಲ್ಲ, ಹಾಗೆ ಅನ್ನಲೂ ಬಾರದು.

ನನಗೆ ಹದಿನೆಂಟು. ಅತ್ತಿಗೆ ಹೇಳುವುದು ನಿಜವೋ ಅವ್ವ ಹೇಳುವುದು ನಿಜವೋ ಪರೀಕ್ಷೆ ಮಾಡಿಯೇ ಬಿಡೋಣ ಅನ್ನಿಸಿತು. ಎಡಗೆನ್ನೆಗೆ ಫಾರಿನ್ನು, ಬಲಗೆನ್ನೆಗೆ ಬಸ್‌ಸ್ಟ್ಯಾಂಡಿನದು ಹಚ್ಚಿಕೊಂಡು ಕಾಲೇಜಿಗೆ ಹೋದೆ. ಗೆಳತಿಯರನ್ನು ಕೇಳಿದರೆ ಒಬ್ಬೊಬ್ಬಳು ಒಂದೊಂದು ಕೆನ್ನೆ ತೋರಿಸಿದಳು. ಪಕ್ಕದ ಮನೆಯ ಅಜ್ಜಿ ಮಾತ್ರ ನನ್ನನ್ನು ತಡೆದು ನಿಲ್ಲಿಸಿ, ಹಲ್ಲುನೋವೇನೇ, ಒಂದು ಕಡೆ ಊದಿದ ಹಾಗಿದೆ ಅಂದಳು. ಸರಿಯಾದ ಉತ್ತರ ಸಿಗಲಿಲ್ಲವಲ್ಲ, ಮಾರನೆಯ ದಿನ ಮತ್ತೆ ಪರೀಕ್ಷೆ. ಆಮೇಲೆ ಪರೀಕ್ಷೆ ಮರೆತೇ ಹೋಯಿತು, ಎರಡೂ ಕೆನ್ನೆಗೆ ಫಾರಿನ್ನೇ ಆಯಿತು. ನನ್ನ ಮುಖ ಹೊಳೆಯತೊಡಗಿದ್ದನ್ನು ಅವ್ವ ನೋಡಿದಳು. ನೋಡಿ, ನಿಮ್ಮನ್ನು ಕರೆದು, ಅಗ್ಗದ ಸ್ನೋ ಹಚ್ಚಿದ ನನ್ನ ಮಗಳ ಮುಖ ನೋಡು ಅಂತ ಬೀಗಿದಳು. ನೀವು ನೋಡಿ ಒಳಗೆ ಹೋದಿರಿ. ಅತ್ತಿಗೆ, ಆ ದಿನ ವಾದದಲ್ಲಿ ಗೆದ್ದವರು ನೀವು. ನನಗೊಬ್ಬಳಿಗೇ ಅದು ಗೊತ್ತಿತ್ತು.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ಪರಮೇಶಣ್ಣನ ಮೇಲೆ ನನಗೆ ಮನಸ್ಸಿತ್ತು, ಅದಕ್ಕೇ ಅವನ ನಿಶ್ಚಿತಾರ್ಥ ಕೆಡಿಸಿದಳು ಅಂತ ಯಾರೂ ಕತೆ ಕಟ್ಟಬೇಡಿ. ನಾನು ಅವನನ್ನು ಮೊದಲಿನಿಂದಲೂ ಅಣ್ಣ ಅಂತಲೇ ಕರೆದವಳು. ಆಸೆಪಟ್ಟದ್ದು ಅವನು ತಂದ ಕ್ರೀಮಿಗೆ ಮಾತ್ರ.

ತರೀಕೆರೆಯ ಹೆಣ್ಣು ಗೊತ್ತಾಯಿತು, ನಿಶ್ಚಿತಾರ್ಥದ ದಿನವೂ ಗೊತ್ತಾಯಿತು. ಅವತ್ತು ಬೀರು ತೆಗೆದು ನೋಡಿದರೆ ಡಬ್ಬಿಯ ತಳ ನನ್ನನ್ನೇ ನೋಡುತ್ತಿದೆ. ಓಡಿಹೋಗಿ ಸ್ನೋ ತಂದು ತುಂಬಿದೆ. ಅದು ಹಾಲಿನ ಬಿಳುಪು, ನೀರು ನೀರು. ಫಾರಿನ್ನು ಗಟ್ಟಿ, ಕೊಂಚ ಮಾಸಲು ಬಣ್ಣ. ಗಟ್ಟಿಯಾಗಲು ಏನು ಹಾಕುವುದು — ಮೈದಾ ಹಾಕಿದರೆ ಇರುವೆ ಬಂದೀತು, ಪೌಡರು ಹಾಕಿದರೆ ವಾಸನೆಯಿಂದ ಸಿಕ್ಕಿಬೀಳುತ್ತೇನೆ. ದೇವರಮನೆಗೆ ಹೋದೆ. ಅಪ್ಪನ ಪೂಜೆಯ ತಟ್ಟೆಯಲ್ಲಿ ಹೊಸ ವಿಭೂತಿ ಗಟ್ಟಿ ಇತ್ತು. ಮುರಿದು, ಪುಡಿ ಮಾಡಿ, ಬೆರೆಸಿದೆ. ಶಿವನೇ, ಬಣ್ಣವೂ ಕೂಡಿಬಂತು, ಹದವೂ ಕೂಡಿಬಂತು. ಉಳಿದಿದ್ದ ಚೂರು ಅಸಲಿ ಕ್ರೀಮನ್ನು ಘಮಕ್ಕೆಂದು ಮೇಲೆ ಸವರಿದೆ. ಮುಂಗೈಗೆ ಹಚ್ಚಿ ನೋಡಿದೆ, ಚೆನ್ನಾಗಿಯೇ ಕಂಡಿತು. ಅಷ್ಟರಲ್ಲಿ ಅವ್ವ ರೊಟ್ಟಿ ಬಡಿಯಲು ಕೂಗಿದಳು, ಕೈ ತೊಳೆದುಕೊಂಡು ಹೋಗಿಬಿಟ್ಟೆ.

ವಿಭೂತಿಯ ಗುಣ ನಮ್ಮಂಥವರ ಮನೆಯಲ್ಲಿ ಕೂಸಿಗೂ ಗೊತ್ತು. ಒದ್ದೆ ಇರುವಾಗ ಅದು ಕಾಣುವುದಿಲ್ಲ. ಒಣಗಿದ ಮೇಲೆ ಬೆಳ್ಳಗೆ ಎದ್ದು ಬರುತ್ತದೆ. ದಿನಾ ಬೆಳಿಗ್ಗೆ ಅಪ್ಪನ ಹಣೆಯ ಮೇಲೆ ಅದನ್ನೇ ನೋಡಿ ಬೆಳೆದವಳು ನಾನು. ಆ ಹೊತ್ತಿಗೆ ಮಾತ್ರ ಹೊಳೆಯಲಿಲ್ಲ.

ತರೀಕೆರೆಗೆ ಹೋದೆವು. ಬಸ್ಸಿನ ಧೂಳು ತೊಳೆದುಕೊಂಡು, ಹೆಣ್ಣಿನ ಮನೆಯವರು ಬಿಟ್ಟುಕೊಟ್ಟ ಕೋಣೆಯಲ್ಲಿ ನೀವು ಕನ್ನಡಿಯ ಮುಂದೆ ಕೂತಿರಿ. ಡಬ್ಬಿ ತೆಗೆದಿರಿ. ನೀವು ಮೂಸಿ, ಕಣ್ಣು ಮುಚ್ಚಿ, ಆಹಾ ಅಂದಿರಿ. ಇಷ್ಟು ದಿನ ಕಾದದ್ದಕ್ಕೆ ಜಿಪುಣತನ ಬೇಡ ಅಂತ ಹಣೆ, ಕೆನ್ನೆ, ಗದ್ದ, ಕುತ್ತಿಗೆಯವರೆಗೆ ಮೆತ್ತಿದಿರಿ. ಕನ್ನಡಿಯಲ್ಲಿ ನೀವು ನಿಜಕ್ಕೂ ಲಕ್ಷಣವಾಗಿ ಕಾಣುತ್ತಿದ್ದಿರಿ. ಬಿಡು, ದೇವರು ದೊಡ್ಡವನು ಅಂದುಕೊಂಡೆ.

ಗಂಡಿನ ಅಕ್ಕ ಅಂತ ನಿಮ್ಮನ್ನು ಮುಂದೆಯೇ ಕೂರಿಸಿದರು, ನೆತ್ತಿಯ ಮೇಲೆ ಫ್ಯಾನು. ಅಯ್ಯನವರು ಮಂತ್ರ ಶುರು ಮಾಡಿದರು. ಮೊದಲು ನಿಮ್ಮ ಹಣೆಯ ಅಂಚು ಬಿಳಿಚಿತು. ಆಮೇಲೆ ಮೂಗು. ಆಮೇಲೆ ಕೆನ್ನೆಗಳು ನಿಧಾನವಾಗಿ, ಸುಣ್ಣ ಬಳಿದ ಗೋಡೆ ಒಣಗುವ ಹಾಗೆ — ನಾನು ತಾಂಬೂಲದ ತಟ್ಟೆ ಹಿಡಿದು ನಿಂತಲ್ಲೇ ಎಲ್ಲವನ್ನೂ ನೋಡುತ್ತಿದ್ದೆ. ಅಯ್ಯನವರು ನಿಮ್ಮತ್ತ ನೋಡಿದವರು ಮಂತ್ರ ಮರೆತು ಮತ್ತೆ ಮೊದಲಿನಿಂದ ಹಿಡಿದರು. ಹೆಣ್ಣಿನ ಅಜ್ಜಿಗೆ ಕಣ್ಣು ಮಂಜು. ಯಾವುದೋ ಮಠದ ಮಾತಾಜಿ ದಯಮಾಡಿಸಿದ್ದಾರೆ ಅಂದುಕೊಂಡ ಆಕೆ ಎದ್ದು ಬಂದು ನಿಮಗೆ ಕೈಮುಗಿದು ಶರಣು ಅಂದಳು. ನೀವು ಸಂಕೋಚದಿಂದ ನಕ್ಕಿರಿ. ನಕ್ಕಿದ್ದೇ ತಡ, ಎರಡೂ ಕೆನ್ನೆ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟವು. ತಲೆ ತಗ್ಗಿಸಿ ಕೂತಿದ್ದ ಮದುವಣಗಿತ್ತಿ ಕತ್ತೆತ್ತಿ ನೋಡಿ ಗೊಳ್ಳನೆ ನಕ್ಕುಬಿಟ್ಟಳು.

ಮುಂದಿದ್ದ ಸ್ಟೀಲಿನ ತಟ್ಟೆಯಲ್ಲಿ ನಿಮಗೆ ನಿಮ್ಮ ಮುಖ ಕಂಡಿತು. ನೀವು ಎದ್ದು ನಿಂತಿರಿ. ತಮ್ಮನ ಕಡೆ ತಿರುಗಿದಿರಿ.

"ಅಕ್ಕಂಗೇ ಡೂಪ್ಲಿಕೇಟ್ ಮಾಲು ತಂದ್ಕೊಡೋನು, ನಾಳೆ ಕಟ್ಕೊಂಡೋಳಿಗೆ ಇನ್ನೇನು ಕೊಡ್ತೀಯೋ ಪರಮೇಶಿ?"

ಅಷ್ಟೇ ಮಾತು. ಹೆಣ್ಣಿನ ಅಪ್ಪ ಅದನ್ನು ಕೇಳಿಸಿಕೊಂಡರು, ಕೇಳಿಸಿಕೊಂಡು ಯೋಚನೆಗೆ ಬಿದ್ದರು. ಆಮೇಲೆ ತಪ್ಪು ತಿಳೀಬೇಡಿ ಅಂತ ಬಹಳ ಮರ್ಯಾದೆಯಿಂದಲೇ ಹೇಳಿ, ಪಕ್ಕದ ಬೀದಿಯ ಅಕ್ಕಸಾಲಿಗರನ್ನು ಕರೆಸಿದರು. ಗಂಡಿನ ಕಡೆಯವರು ತಂದಿದ್ದ ಸರ, ಉಂಗುರ ಎಲ್ಲವನ್ನೂ ಒರೆಗಲ್ಲಿಗೆ ಹಚ್ಚಿ ನೋಡಿದರು. ಅಷ್ಟು ಹೊತ್ತೂ ಪರಮೇಶಣ್ಣ ತಲೆ ತಗ್ಗಿಸಿ ನಿಂತಿದ್ದ. ಒಂದು ಸಲ ಮಾತ್ರ ನಿಮ್ಮತ್ತ ನೋಡಿದ. ಆಗಲೇ ನಾನು ಬಾಯಿ ಬಿಡಬೇಕಿತ್ತು. ಬಿಟ್ಟೆ ಕೂಡ. ಬಂದದ್ದು — ಮುಖ ತೊಳೆಯೋಕೆ ನೀರು ತರ್ಲಾ ಅತ್ತಿಗೆ ಅನ್ನುವ ಮಾತು.

ಚಿನ್ನ ಅಪ್ಪಟ ಅಂತ ಗೊತ್ತಾಯಿತು, ನಿಶ್ಚಿತಾರ್ಥವೂ ಮುಗಿಯಿತು. ಹೊರಡುವಾಗ ಪರಮೇಶಣ್ಣ ನಿಮ್ಮ ಹತ್ತಿರ ಬಂದು, "ಅಕ್ಕಾ, ಇನ್ಮೇಲೆ ನಿನ್ ಮನೆ ಹೊಸ್ಲು ತುಳಿಯಲ್ಲ" ಅಂದ. ಕೂಗಾಡಿದ್ದರೆ ಚೆನ್ನಾಗಿತ್ತು. ಅವನು ಮೆಲ್ಲಗೆ ಹೇಳಿದ.

ಅಜ್ಜಂಪುರದಲ್ಲಿ ಅವ್ವ ಗೆದ್ದಳು. ದುಬಾರಿಯದ್ದು ಹಚ್ಚಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಬೀದಿಗೆಲ್ಲಾ ನೀವೇ ಉದಾಹರಣೆಯಾದಿರಿ. ಒಬ್ಬರು ಹೊಸ ಪೌಡರು ಕೊಂಡರೂ ಸಾಕು, ತರೀಕೆರೆ ನೆನಪಿದೆಯಾ ಅನ್ನುತ್ತಿದ್ದರು. ನೀವು ಡಬ್ಬಿಯನ್ನು ತಿಪ್ಪೆಗೆ ಎಸೆದು, ಅವ್ವನ ಸ್ನೋವನ್ನೇ ಹಚ್ಚತೊಡಗಿದಿರಿ. ನನಗಾದರೂ ನಾಚಿಕೆ ಬೇಡವೇ? ನಾನು ಅವ್ವನ ಜೊತೆ ತಲೆಯಾಡಿಸಿಕೊಂಡು ಕೂತಿದ್ದೆ.

ಆದರೆ ಗೌರಿ ಹಬ್ಬ ಬರುತ್ತಿತ್ತಲ್ಲ. ಪರಮೇಶಣ್ಣ ಮದುವೆಯಾಗಿ ಬೊಂಬಾಯಿ ಬಿಟ್ಟು ಕಡೂರಿಗೇ ಬಂದಿದ್ದ. ಅಜ್ಜಂಪುರ ಎಷ್ಟು ದೂರ? ಆದರೂ ನಿಮಗೆ ತವರಿನ ಬಾಗಿನ ಬರಲಿಲ್ಲ. ಒಂದು ವರ್ಷವಲ್ಲ, ಎರಡು ವರ್ಷವಲ್ಲ. ಬರದಿದ್ದರೆ ಕತ್ತೆ ಬಾಲ ಅನ್ನುತ್ತಿದ್ದಿರಿ. ಹಾಗೆ ಅಂದುಕೊಂಡೇ ಕಡೂರು ಬಸ್ಸಿನ ಹೊತ್ತಿಗೆ ಸರಿಯಾಗಿ ಬಾಗಿಲಿಗೆ ರಂಗೋಲಿ ಹಾಕಲು ಹೋಗುತ್ತಿದ್ದಿರಿ. ಆಗಲೇ ಹಾಕಿದ್ದ ರಂಗೋಲಿಯ ಮೇಲೆ ಮತ್ತೆ ಎಳೆ ತಿದ್ದುತ್ತಾ, ಬಸ್ಸು ಹೋಗುವವರೆಗೆ ಅಲ್ಲೇ ಕೂತಿರುತ್ತಿದ್ದಿರಿ. ನಾನು ಒಳಗಿನಿಂದ ನೋಡುತ್ತಿದ್ದೆ. ಹೇಳಿಬಿಡೋಣ ಅನ್ನಿಸುತ್ತಿತ್ತು. ಆಗ ನನಗೂ ಗಂಡು ನೋಡುತ್ತಿದ್ದರು. ಶಿವನ ವಿಭೂತಿಯನ್ನು ಸ್ನೋ ಡಬ್ಬಿಗೆ ಹಾಕಿದ ಹುಡುಗಿಯನ್ನು ಯಾರು ಮಾಡಿಕೊಂಡಾರು ಅಂತ — ನೆಪ, ಅತ್ತಿಗೆ. ಮದುವೆಯಾಗಿ ಸಿಂಗಟಗೆರೆಗೆ ಹೋದ ಮೇಲೂ ಹೇಳಲಿಲ್ಲವಲ್ಲ.

ಎಂಬತ್ತರ ದಶಕ ಅರ್ಧ ಕಳೆದಿತ್ತು. ನನ್ನ ಮಗಳ ನಾಮಕರಣ ಅಜ್ಜಂಪುರದಲ್ಲೇ ಆಯಿತು. ಅವ್ವ ಪಟ್ಟು ಹಿಡಿದು ಪರಮೇಶಣ್ಣನನ್ನೂ ಅವನ ಹೆಂಡತಿಯನ್ನೂ ಕರೆಸಿದಳು. ನಾನು ಕೋಣೆಯಲ್ಲಿ ಮಗುವಿಗೆ ಹಾಲು ಕುಡಿಸುತ್ತಿದ್ದಾಗ ಅವನ ಹೆಂಡತಿ ಬಂದು ಕೂತಳು. ಅದೂ ಇದೂ ಮಾತಾಡುತ್ತಾ, ಹೆಣ್ಣು ಗೊತ್ತಾಗುವ ಮೊದಲೇ, ಮುಂದೆ ಬರುವವಳಿಗೆಂದು ಅವನು ಅಂಥದ್ದೇ ಇನ್ನೊಂದು ಡಬ್ಬಿ ತಂದಿಟ್ಟಿದ್ದನೆಂದಳು. ಒಂದೇ ಅಂಗಡಿಯದು, ಒಂದೇ ದಿನ ತಂದದ್ದು. ಮದುವೆಯಾದ ಮೇಲೆ ತಿಂಗಳುಗಟ್ಟಲೆ ಹಚ್ಚಿದೆ, ಏನೂ ಆಗಲಿಲ್ಲ, ಎಂಥಾ ಘಮ ಅಂತೀರಿ ಅಂದಳು. ಅಂದರೆ ಅತ್ತಿಗೆ, ತಾನು ಕೊಟ್ಟದ್ದು ಅಸಲಿ ಅನ್ನುವುದು ಪರಮೇಶಣ್ಣನಿಗೆ ಚೆನ್ನಾಗಿ ಗೊತ್ತಿತ್ತು.

ಊಟಕ್ಕೆ ಎಲೆ ಹಾಕಿದರು. ಅವನ ಎಲೆಗೆ ಹೋಳಿಗೆ ಬಡಿಸಲು ನೀವು ಬಗ್ಗಿದಿರಿ. ಇಬ್ಬರೂ ಅಷ್ಟು ವರ್ಷದಿಂದ ಮಾತಾಡಿರಲಿಲ್ಲ. ನೀವು ಬಡಿಸಿ ಮುಂದೆ ಹೋಗುವಷ್ಟರಲ್ಲಿ ಅವನು ಎಲೆಯನ್ನೇ ನೋಡುತ್ತಾ ಹೇಳಿದ:

"ಅಕ್ಕಾ, ಅದು ಡೂಪ್ಲಿಕೇಟೇ ಇದ್ದಿರ್ಬೇಕು ಕಣೇ. ಬೊಂಬಾಯ್ನೋರು ನಂಗೆ ಟೋಪಿ ಹಾಕ್ಬಿಟ್ರು. ತಪ್ಪಾಯ್ತು."

ನೀವು ಹೋಳಿಗೆಯ ತಟ್ಟೆ ಹಿಡಿದುಕೊಂಡೇ ಅತ್ತಿರಿ. ಹೋಗ್ಲಿ ಬಿಡೋ, ನಿಂಗೇನು ಗೊತ್ತಿತ್ತು ಅಂದಿರಿ. ಪಂಕ್ತಿಯಲ್ಲಿ ಕೂತವರೆಲ್ಲಾ ಕಣ್ಣೊರೆಸಿಕೊಂಡರು. ಬಾಗಿಲಲ್ಲಿ ಮಗು ಎತ್ತಿಕೊಂಡು ನಿಂತಿದ್ದ ನಾನೂ ಅತ್ತೆ. ಬಾಣಂತಿ ಅಳಬಾರದು, ಸಂತೋಷಕ್ಕಾದರೂ ಅಳಬಾರದು ಅಂತ ಅವ್ವ ಗದರಿದಳು. ಅಕ್ಕ ಬೇಕು ಅಂತ ಅವನು ಮಾಡದ ತಪ್ಪನ್ನು ಮೈಮೇಲೆ ಹಾಕಿಕೊಂಡ. ಮಾಡಿದವಳು ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ಬೈಸಿಕೊಂಡದ್ದು ಅತ್ತಿದ್ದಕ್ಕೆ ಮಾತ್ರ.

ಇವತ್ತಿಗೂ ಅವನು ಪ್ರತಿ ಗೌರಿ ಹಬ್ಬಕ್ಕೆ ಬಾಗಿನ ತರುತ್ತಾನೆ. ನೀವಿಬ್ಬರೂ ಮುದುಕರಾಗಿದ್ದೀರಿ. ಮೊರದ ಮೇಲಿನ ಸೀರೆ ಸವರಿ ನೋಡುತ್ತಾ ನೀವು ಇವತ್ತಿಗೂ, ನೋಡಿ ತಂದಿದ್ದೀಯ ತಾನೆ, ಡೂಪ್ಲಿಕೇಟ್ ಅಲ್ಲವಲ್ಲ ಅಂತ ಕಿಚಾಯಿಸುತ್ತೀರಿ. ಎಲ್ಲರೂ ನಗುತ್ತಾರೆ. ಅವನೂ ನಗುತ್ತಾನೆ, ಸ್ವಲ್ಪ ತಲೆ ತಗ್ಗಿಸಿ. ನಿಮಗದು ತಮಾಷೆ. ಆ ತಗ್ಗಿದ ತಲೆಯನ್ನು ನೋಡಲು ನನಗೆ ಆಗುವುದಿಲ್ಲ, ಅದಕ್ಕೇ ಹಬ್ಬದ ದಿನ ನಾನು ನಿಮ್ಮ ಮನೆಗೆ ಬರುವುದನ್ನೇ ಬಿಟ್ಟೆ. ಸಿಂಗಟಗೆರೆಯಿಂದ ಬಸ್ಸು ಸಿಗಲಿಲ್ಲ ಅಂತ ಪ್ರತಿ ಸಲ ಹೇಳಿದ್ದೂ ಸುಳ್ಳೇ.

ಈ ಸಲ ಬರುತ್ತೇನೆ. ಇದನ್ನು ಅಂಚೆಗೆ ಹಾಕುವುದಿಲ್ಲ, ಜೊತೆಗೆ ತಂದು ಅವನ ಎದುರಿಗೇ ನಿಮಗೆ ಓದುತ್ತೇನೆ. ಕ್ಷಮಿಸಿ ಅಂತ ಕೇಳಲು ನನಗೆ ಮುಖವಿಲ್ಲ. ಒಂದನ್ನು ಮಾತ್ರ ಕೇಳುತ್ತೇನೆ. ಕೇಳಿ ಮುಗಿದ ಮೇಲೆ ನಿಮಗೆ ಸಿಟ್ಟೇ ಬರಲಿ, ನಗುವೇ ಬರಲಿ — ಮೊದಲು ಅವನ ಕಡೆ ತಿರುಗಿ, ನೀನು ತಂದದ್ದು ಅಸಲಿ ಕಣೋ ಪರಮೇಶಿ ಅನ್ನಿ. ಅವನು ತಲೆ ಎತ್ತಲಿ. ಆಮೇಲೆ ನನ್ನ ಕಡೆ ತಿರುಗಿ.